ಹೊಸ ಕೋಚು, ಮಾವನ ಕುರ್ಚಿ

ವೆಂಡೆಲ್ ಕ್ರೌಸ್ ಹೊಟ್ಟೆಪಾಡಿಗೆ ಟೈರ್ ಮಾರುತ್ತಿದ್ದ. ಆದರೆ ಅಯೋವಾದ ಆ ಪುಟ್ಟ ಕಾಲೇಜು ಊರಿನಲ್ಲಿ ತಾನು ಜನ್ಮವೆತ್ತಿದ್ದು ಕಾಲೇಜಿನ ಅಮೆರಿಕನ್ ಫುಟ್‌ಬಾಲ್ ತಂಡವಾದ ಕೊಕ್ಕರೆ ಪಡೆಯ ಉದ್ಧಾರಕ್ಕೇ ಎಂದು ಅವನ ನಂಬಿಕೆ! ಹಳೇ ಕೋಚ್ ಟಾಲ್ಮನ್‌ನನ್ನು ಮನೆಗೆ ಕಳಿಸಿ ರೆನ್ನರ್ ಎಂಬ ಹೊಸಬನನ್ನು ಕರೆತಂದ ದಿನ ಅವನು ಊರಿನ ರೇಡಿಯೊಗೆ ಫೋನ್ ಮಾಡಿ ಘರ್ಜಿಸಿದ.

"ಬರೆದಿಟ್ಕೊಳ್ಳಿ! ಈ ಸಲ ಡನ್‌ವಿಲ್ ಕಾಲೇಜಿಗೆ ಮಣ್ಣು ಮುಕ್ಕಿಸ್ತೀವಿ. ಇಲ್ಲಾಂದ್ರೆ ಚಳಿಗಾಲ ಪೂರ್ತಿ ಟಾಲ್ಮನ್ ಮನೆ ಮುಂದಿನ ಹಿಮ ನಾನೇ ಬಾಚ್ತೀನಿ!"

ಅಡುಗೆಮನೆಯಲ್ಲಿ ರೇಡಿಯೊ ಕೇಳುತ್ತಿದ್ದ ಹೆಂಡತಿ ಡಾರ್ಲಾ ಸೌಟು ಹಿಡಿದೇ ಹೊರಗೆ ಬಂದಳು. "ಅವರ ಮನೆ ದಾರಿ ಎಷ್ಟುದ್ದ ಇದೆ ಗೊತ್ತೇನೋ? ಮೊನ್ನೆ ಸಾಕ್ಸ್ ಹಾಕ್ಕೊಳ್ಳೋಕೆ ಬಗ್ಗಿ, ಏಳೋಕಾಗದೆ ನನ್ನ ಕೂಗಿದ್ದು ಯಾರು?"

"ಗೆಲ್ಲೋನಿಗೆ ಸೊಂಟದ ಚಿಂತೆ ಯಾಕೆ?" ಎಂದ ವೆಂಡೆಲ್.

ಮನೆಯಲ್ಲಿ ಇನ್ನೊಬ್ಬರೂ ಇದ್ದರು. ಇದ್ದರು ಅನ್ನಬೇಕೋ ಇರಲಿಲ್ಲ ಅನ್ನಬೇಕೋ, ಅದೇ ತಕರಾರು. ಡಾರ್ಲಾಳ ಅಪ್ಪ ಆರ್ವಿಲ್ ತೀರಿಕೊಂಡದ್ದು ಟಾಲ್ಮನ್ ಕೆಲಸ ಕಳೆದುಕೊಂಡ ವಾರವೇ. ಆಟಗಾರರ ಬಗಲಲ್ಲಿ ಚೆಂಡಿಟ್ಟು ಓಡಿಸುವ ಟಾಲ್ಮನ್ ಎಂದರೆ ಮುದುಕನಿಗೆ ಪ್ರಾಣ. ಎಸೆದಾಡಿಸುವ ಕೋಚುಗಳನ್ನು ಕಂಡರೆ ಉರಿ. ಸ್ಪ್ರಿಂಗಿನಿಂದ ಕಾಲುಮಣೆ ಮೇಲೇಳುವ ಅವನ ಒರಗುಕುರ್ಚಿ ಈಗಲೂ ನಡುಮನೆಯಲ್ಲಿ ಟಿವಿಗೆ ಎದುರಾಗಿತ್ತು. ಅದರ ಸಂದುಗಳಲ್ಲಿ ಅವನು ಸದಾ ಚೀಪುತ್ತಿದ್ದ ಪೆಪ್ಪರ್‌ಮಿಂಟ್ ವಾಸನೆ ಇನ್ನೂ ಹೋಗಿರಲಿಲ್ಲ.

ಮೊದಲ ಮೂರೂ ಆಟ ಕೊಕ್ಕರೆಗಳು ಸೋತವು. ಮೂರನೆಯದರಲ್ಲಿ ರೆನ್ನರ್ ಎಸೆಯಿಸಿದ ಚೆಂಡು ಎದುರಾಳಿಯ ಕೈ ಸೇರಿತು ನೋಡಿ, ಆ ಖಾಲಿ ಕುರ್ಚಿಯ ಕಾಲುಮಣೆ ತಾನಾಗಿ ಕಿರ್ರ್ ಎಂದು ಎದ್ದು ಠಕ್ ಎಂದು ನಿಂತಿತು!

ವೆಂಡೆಲ್ ಕೈಯಲ್ಲಿದ್ದ ಬಿಯರ್ ಅಂಗಿಯ ಮೇಲೆ ಬಿತ್ತು. "ನಿಮ್ಮಪ್ಪ! ನಿಮ್ಮಪ್ಪನೇ ನಮ್ಮನ್ನ ಸೋಲಿಸ್ತಿರೋದು!"

"ಹಳೇ ಸ್ಪ್ರಿಂಗು ಕಣೋ. ಸೋಲಿಸ್ತಿರೋದು ನಿನ್ನ ರೆನ್ನರ್."

"ರೆನ್ನರ್‌ನ ಏನೂ ಅನ್ಬೇಡ!"

ಮರುದಿನವೇ ಅವನು ಕುರ್ಚಿಯನ್ನು ಗ್ಯಾರೇಜಿಗೆ ಎಳೆದು ಹಾಕಿದ. ಡಾರ್ಲಾ ತಡೆಯಲಿಲ್ಲ. ಕುರ್ಚಿ ಇದ್ದ ಜಾಗದಲ್ಲಿ ಕಾರ್ಪೆಟ್ಟಿನ ಮೇಲೆ ಉಳಿದ ನಾಲ್ಕು ಗುಳಿಗಳನ್ನು ನೋಡುತ್ತಾ ನಿಂತಳು. ಅವಳಿಗೆ ಅಳು ಬಂದಿತ್ತು. "ಇನ್ಮೇಲೆ ಶನಿವಾರ ನಿನ್ನ ಜೊತೆ ಕೂತು ಆಟ ನೋಡಲ್ಲ. ಚರ್ಚಿನಲ್ಲಿ ಹಣ್ಣಿನ ಪೈ ಬೇಯಿಸೋಕೆ ಹೋಗ್ತೀನಿ," ಎಂದಷ್ಟೇ ಹೇಳಿದಳು.

ಮುಂದಿನ ಶನಿವಾರ ಕಟಾವಾದ ಮೆಕ್ಕೆಜೋಳದ ಹೊಲಗಳಿಂದ ಮಂಜು ಎದ್ದು ಕಿಟಕಿಗೆ ಮೆತ್ತಿಕೊಂಡಿತ್ತು. ಮನೆಯಲ್ಲಿ ವೆಂಡೆಲ್ ಒಬ್ಬನೇ. ಆಟ ಶುರುವಾಗಿ ಸ್ವಲ್ಪ ಹೊತ್ತಿಗೆ ಗ್ಯಾರೇಜಿನ ಕಡೆಯಿಂದ ಸದ್ದು ಬಂತು.

ಕಿರ್ರ್... ಠಕ್.

ಅವನು ಟಿವಿಯ ದನಿ ಜೋರು ಮಾಡಿದ. ಕಿರ್ರ್... ಠಕ್. ಬಾಗಿಲ ಸಂದಿಯಿಂದ ತಣ್ಣಗೆ ಪೆಪ್ಪರ್‌ಮಿಂಟ್ ವಾಸನೆ ಹಾಯ್ದು ಬಂತು. ಕೊಕ್ಕರೆ ಪಡೆಯ ಉದ್ಧಾರಕ ಒಂದೇ ನೆಗೆತಕ್ಕೆ ಬಚ್ಚಲು ಸೇರಿ, ಚಿಲಕ ಹಾಕಿ, ಒಣಗಿದ ಟಬ್ಬಿನಲ್ಲಿ ಮುದುಡಿ ಕುಳಿತ! ಹೊರಗೆ ಬಂದಾಗ ಆಟ ಮುಗಿದಿತ್ತು. ಕೊಕ್ಕರೆಗಳು ಗೆದ್ದಿದ್ದವು!

"ಹೊಸ ಕೋಚ್ ಅಂದ್ರೆ ಹೀಗಿರ್ಬೇಕು!" ಎಂದ ವೆಂಡೆಲ್, ರಾತ್ರಿ ಊಟದಲ್ಲಿ. "ಟಾಲ್ಮನ್ ಇದ್ದಿದ್ರೆ ಇನ್ನೂ ಮಣ್ಣಲ್ಲಿ ಓಡಿಸ್ತಿದ್ದ."

"ಹೌದಾ? ಕೊನೇ ಟಚ್‌ಡೌನಿನ ಆರು ಅಂಕ ಓಡಿ ಬಂದದ್ದೋ, ಎಸೆದು ಬಂದದ್ದೋ?" ಕೇಳಿದಳು ಡಾರ್ಲಾ.

ವೆಂಡೆಲ್‌ಗೆ ಇದ್ದಕ್ಕಿದ್ದಂತೆ ಕೆಮ್ಮು ಬಂತು.

ಅಲ್ಲಿಂದ ಪ್ರತಿ ಶನಿವಾರವೂ ಅದೇ ಕಥೆ. ಮಂಜು, ಕಿರ್ರ್, ಠಕ್, ಪೆಪ್ಪರ್‌ಮಿಂಟ್, ಬಚ್ಚಲು, ಜಯ! ಸೋಮವಾರ ರೇಡಿಯೊದಲ್ಲಿ ರೆನ್ನರ್‌ನ ತಂತ್ರಗಳ ಮೇಲೆ ವೆಂಡೆಲ್‌ನ ಉಪನ್ಯಾಸ. ಟಬ್ಬಿನಲ್ಲಿ ಅವನಿಗೆ ಕೇಳಿಸುತ್ತಿದ್ದುದು ಜನರ ಕೂಗು ಮಾತ್ರ. ಉಳಿದದ್ದೆಲ್ಲ ಸ್ವಂತ ರಚನೆ. ಮಾವ ಕತ್ತಲಲ್ಲಿ ಕುಳಿತು ಏನು ಹೊಂಚು ಹಾಕುತ್ತಿದ್ದಾನೋ ಎಂದು ರಾತ್ರಿ ನಿದ್ದೆ ಬರುತ್ತಿರಲಿಲ್ಲ. ಹೆಂಡತಿಗೆ ಹೇಳೋಣವೆಂದರೆ ನಾಚಿಕೆ.

ಡನ್‌ವಿಲ್ ಆಟದ ದಿನ ಬಂತು. ಆಕಾಶ ಬೂದುಬಣ್ಣಕ್ಕೆ ತಿರುಗಿ, ಹಿಮ ಬೀಳಲು ಕಾದಂತಿತ್ತು. ಕೊಕ್ಕರೆಗಳು ಸ್ವಲ್ಪ ಮುಂದಿದ್ದವು. ಕಿರ್ರ್... ಠಕ್. ವೆಂಡೆಲ್ ಅಭ್ಯಾಸಬಲದಿಂದ ಬಚ್ಚಲಿನ ಕಡೆ ಎರಡು ಹೆಜ್ಜೆ ಇಟ್ಟವನು ನಿಂತ. ಊರಿಗೆಲ್ಲ ಸವಾಲು ಹಾಕಿದ ಗಂಡಸು, ವರ್ಷದ ದೊಡ್ಡ ಆಟವನ್ನೂ ಟಬ್ಬಿನಲ್ಲೇ ಕಳೆಯುವುದೇ? ಹಿಮ ಬಾಚುವ ಸಲಿಕೆಯನ್ನು ಎತ್ತಿಕೊಂಡು ಗ್ಯಾರೇಜಿನ ಬಾಗಿಲು ತೆರೆದ.

ಕತ್ತಲಲ್ಲಿ ಕುರ್ಚಿ ಮೆಲ್ಲಗೆ ತೂಗುತ್ತಿತ್ತು. ಅದರಲ್ಲಿ ಮಾವನ ಕೆಂಪು ಚೌಕಳಿಯ ಬೇಟೆ ಕೋಟು. ಕೋಟಿನೊಳಗೆ ಯಾರೋ ಇದ್ದರು. ತಲೆ ನಿಧಾನವಾಗಿ ಇತ್ತ ತಿರುಗಿತು.

"ಮಾವಾ, ತಪ್ಪಾಯ್ತು!" ಸಲಿಕೆ ಅವನ ಪಾದದ ಮೇಲೇ ಬಿತ್ತು.

"ಅಯ್ಯೋ, ಹೊರಗೆ ಯಾಕೋ ಬಂದೆ?" ಎಂದು ಕೋಟಿನೊಳಗಿಂದ ಡಾರ್ಲಾ ಚೀರಿದಳು. ಕೆನ್ನೆಯಲ್ಲಿ ಪೆಪ್ಪರ್‌ಮಿಂಟ್, ಮಡಿಲಲ್ಲಿ ಅಪ್ಪನ ಪುಟ್ಟ ರೇಡಿಯೊ. ಅದೇ ಗಳಿಗೆಗೆ ಡನ್‌ವಿಲ್ ಟಚ್‌ಡೌನ್ ಎಂದು ರೇಡಿಯೊ ಕಿರುಚಿತು. "ನೋಡು! ಹೋಯ್ತು! ನೀನು ಬಚ್ಚಲಲ್ಲಿ ಇರ್ಬೇಕಿತ್ತು!"

"ನೀನಾ? ಇಷ್ಟು ವಾರ ನೀನಾ?" ವೆಂಡೆಲ್ ಪಾದ ಹಿಡಿದು ಕುಂಟುತ್ತಾ ಕೇಳಿದ. "ಚರ್ಚು? ಪೈ?"

"ಒಂದು ದಿನಾನಾದ್ರೂ ಪೈ ಮನೆಗೆ ಬಂತಾ? ಕೇಳಿದೆಯಾ?" ಅವಳ ದನಿ ಇಳಿಯಿತು. "ಮೊದಲ ಸಲ ಅಪ್ಪನ ನೆನಪಾಗಿ ಬಂದು ಕೂತೆ ಅಷ್ಟೇ. ನೀನು ಬಚ್ಚಲಿಗೆ ಓಡಿದ ಸದ್ದು ಕೇಳಿಸ್ತು. ಬಾಗಿಲು ಬಡ್ಕೊಂಡ ತಕ್ಷಣ ನಾವು ಟಚ್‌ಡೌನ್ ಹೊಡೆದ್ವಿ. ಮುಂದಿನ ವಾರ ಬೇಕಂತಲೇ ಕಿರ್ರ್ ಅನ್ನಿಸಿದೆ. ಮತ್ತೆ ಗೆದ್ವಿ! ಗೆದ್ದದ್ದು ರೆನ್ನರ್‌ನಿಂದ ಅಲ್ಲ, ಸೋತದ್ದು ಅಪ್ಪನಿಂದಾನೂ ಅಲ್ಲ. ಶನಿ ಹಿಡಿದಿರೋದು ನಿನ್ನ ಕಣ್ಣಿಗೆ ಕಣೋ. ನೀನು ನೋಡಿದ್ರೆ ಸೋಲ್ತೀವಿ!"

"ಮೂಢನಂಬಿಕೆ!" ಎಂದು ಗುಡುಗಿದ, ಇಷ್ಟು ವಾರ ಟಬ್ಬಿನಲ್ಲಿ ಕುಳಿತಿದ್ದ ಮಹಾಪುರುಷ. "ಬಾ, ಇಬ್ರೂ ಕೂತು ನೋಡೋಣ. ರೆನ್ನರ್ ಏನಂತ ನಿನಗೇ ಗೊತ್ತಾಗುತ್ತೆ."

ಗ್ಯಾರೇಜಿನ ಬಾಗಿಲು ಹಾಕಿಕೊಂಡು ಇಬ್ಬರೂ ಸೋಫಾದಲ್ಲಿ ಕುಳಿತರು. ಡನ್‌ವಿಲ್ ಮುನ್ನುಗ್ಗಿತು. ರೆನ್ನರ್ ಎಸೆಯಿಸಿದ, ಚೆಂಡು ಎದುರಾಳಿಯ ಕೈಗೆ ಹೋಯಿತು. ಹೊರಗೆ ಮೊದಲ ಹಿಮ ಬೀಳತೊಡಗಿತ್ತು. ವೆಂಡೆಲ್ ಸೊಂಟ ಮುಟ್ಟಿಕೊಂಡ.

ಕಿರ್ರ್... ಠಕ್.

ಸದ್ದು ಗ್ಯಾರೇಜಿನಿಂದ ಬಂದಿತ್ತು. ಇಬ್ಬರೂ ಒಬ್ಬರನ್ನೊಬ್ಬರು ನೋಡಿದರು.

"ಸ್ಪ್ರಿಂಗು... ಸ್ಪ್ರಿಂಗು ಅಲ್ವಾ?" ವೆಂಡೆಲ್ ಸೋಫಾದ ಅಂಚಿಗೆ ಸರಿದ.

ಡಾರ್ಲಾಳ ಕೆನ್ನೆಯಲ್ಲಿದ್ದ ಪೆಪ್ಪರ್‌ಮಿಂಟ್ ಆಗಲೇ ಕರಗಿಹೋಗಿತ್ತು. ಆದರೂ ನಡುಮನೆ ತುಂಬ ಅದೇ ವಾಸನೆ. ಅವಳು ಮುಚ್ಚಿದ ಬಾಗಿಲನ್ನೇ ದಿಟ್ಟಿಸಿದಳು. ಕಣ್ಣು ತುಂಬಿ ಬಂತು, ಜೊತೆಗೆ ನಗುವೂ ಬಂತು.

"ಆಯ್ತು ಅಪ್ಪಾ, ಇವನನ್ನ ಕಳಿಸ್ತೀನಿ," ಎಂದು ಬಾಗಿಲಿಗೆ ಹೇಳಿ, ಸೋಫಾದ ದಿಂಬೊಂದನ್ನು ಗಂಡನ ಕೈಗಿಟ್ಟಳು. "ಹೋಗು, ಟಬ್ಬು ತಣ್ಣಗಿರುತ್ತೆ. ಆಟ ಇನ್ನೂ ಅರ್ಧ ಇದೆ."