ಸರಿಯೂ ಹೌದು, ಬೆಸವೂ ಹೌದು

ನಮ್ಮ ಕಾಕಾನಿಗೆ ಒಂದು ಪ್ರಶ್ನೆಗೆ ಒಂದೇ ಉತ್ತರ ಕೊಡುವ ಅಭ್ಯಾಸವೇ ಇರಲಿಲ್ಲ. ಕಾಲೇಜಿನಲ್ಲಿ ಭೌತಶಾಸ್ತ್ರ ಕಲಿಸುತ್ತಿದ್ದ ಮನುಷ್ಯ! ಹುಡುಗರು ಹೇಗೆ ಪಾಸಾಗುತ್ತಿದ್ದರೋ ದೇವರೇ ಬಲ್ಲ.

ಯುದ್ಧದ ಕಾಲ ಅದು. ದೇಹೂ ರೋಡಿನ ಮಿಲಿಟರಿ ಉಗ್ರಾಣದಲ್ಲಿ ಕಾರಕೂನನಾಗಿದ್ದ ನಮ್ಮಪ್ಪನನ್ನು ಬರ್ಮಾ ಗಡಿಯ ಕಡೆಗೆ ಕಳಿಸಿದ್ದರು. ಅವ್ವ, ನಾನು ಹತ್ತಿರದ ಶಹರದ ಸದಾಶಿವ ಪೇಠದಲ್ಲಿ, ಹತ್ತಾರು ಬಿಡಾರಗಳ ಹಳೆಯ ವಾಡೆಯೊಂದರಲ್ಲಿ ಅಪ್ಪನ ತಮ್ಮನಾದ ಈ ಕಾಕಾನ ಎರಡು ಖೋಲಿಯ ಮನೆಗೆ ಬಂದು ಸೇರಿದ್ದೆವು. ಅವನಿಗೆ ಮದುವೆಯಾಗಿರಲಿಲ್ಲ. ಯಾಕೆಂದು ಕೇಳಿದರೆ ಅದಕ್ಕೂ ಎರಡು ಉತ್ತರ.

ವಿಲಾಯತಿಯಿಂದ ತರಿಸಿದ ದಪ್ಪ ಪುಸ್ತಕದಲ್ಲಿ ಕ್ವಾಂಟಮ್ ಎಂಬ ಹೊಸ ಶಾಸ್ತ್ರವಿತ್ತು. ಹತ್ತು ವರ್ಷದ ನನಗೆ ಅದನ್ನು ತಿಳಿಸಿಕೊಡದೆ ಅವನಿಗೆ ಅನ್ನ ಇಳಿಯುತ್ತಿರಲಿಲ್ಲ. ನಾವು ಹುಡುಗಿಯರು ಹುಣಸೆ ಬೀಜದಲ್ಲಿ ಆಡುವ ಸರಿ-ಬೆಸವೇ ಪಾಠ. ಡಬ್ಬಿಯಿಂದ ಎಣಿಸದೆ ಒಂದಿಷ್ಟು ಬೀಜ ತೆಗೆದು ಮುಷ್ಟಿ ಚಾಚುತ್ತಿದ್ದ.

"ಸರಿಯೋ, ಬೆಸವೋ?"

"ಬೆಸ."

"ತಪ್ಪು. ಮುಷ್ಟಿ ಮುಚ್ಚಿರೋತನಕ ಸರೀನೂ ಹೌದು, ಬೆಸಾನೂ ಹೌದು. ಬಿಚ್ಚಿದ ಮ್ಯಾಲೆ ಒಂದಾಗ್ತದ."

"ಒಳಗ ಏಳು ಬೀಜ ಇದ್ರ ಏಳೇ ಇರ್ತಾವಲ್ಲ ಕಾಕಾ?"

"ಹುಣಸಿ ಬೀಜ ಹಂಗಿರ್ತಾವ. ಅಣುವಿನೊಳಗಿನ ಕಣ ಹಂಗಿರೂದಿಲ್ಲ."

"ಮತ್ತ ಬೀಜ ಯಾಕ ಹಿಡದಿ?"

ಕಾಕಾ ಮುಷ್ಟಿ ಬಿಚ್ಚಿ ಬೀಜಗಳನ್ನು ಡಬ್ಬಿಗೆ ಸುರಿದ. "ಕಣ ಕೈಗೆ ಸಿಗೂದಿಲ್ಲಲ್ಲ" ಅಂದ. ನನಗೆ ಏನೂ ಅರ್ಥವಾಗಲಿಲ್ಲ. ಅವನಿಗೆ ಆಗಿತ್ತೇ? ಆ ಅನುಮಾನ ನನಗೆ ಇವತ್ತಿಗೂ ಇದೆ.

ಮಂಡಈಯ ತರಕಾರಿ ಸಂತೆಯಲ್ಲಿ ಬದನೆಕಾಯಿ ಹಿಡಿದು, ಕೊಯ್ಯುವ ತನಕ ಇದು ಒಳ್ಳೆಯದೂ ಹೌದು, ಹುಳುಕೂ ಹೌದು ಎಂದು ಮಾರುವವಳಿಗೆ ಮರಾಠಿಯಲ್ಲಿ ಬೋಧಿಸಿದ. "ಒಳ್ಳೆಯದನ್ನು ನೀನು ತಿನ್ನು, ಹುಳುಕನ್ನು ನನಗೆ ತಂದುಕೊಡು" ಎಂದಳು ಆಕೆ, ಅಷ್ಟೇ ಶುದ್ಧ ಮರಾಠಿಯಲ್ಲಿ. ಅವ್ವ ಇನ್ನೂ ಜೋರು. ಒಮ್ಮೆ ಅವಳು "ಊಟಕ್ಕ ಬರ್ತೀರೋ ಇಲ್ಲೋ?" ಎಂದು ಕೇಳಿದಾಗ, ಪುಸ್ತಕದಿಂದ ತಲೆ ಎತ್ತಿ ಅತ್ತಿಗೆಯನ್ನು ನೋಡದೆ "ಎರಡೂ, ವೈನಿ" ಅಂದ. ಅವ್ವ ತಾಟು ಹಾಕಿದಳು, ಅನ್ನ ಹಾಕಲಿಲ್ಲ.

ಅಪ್ಪನ ಕಾಗದ ನಿಂತು ನಾಲ್ಕು ತಿಂಗಳಾಯಿತು. ಅವ್ವನ ಜೋರೂ ನಿಂತಿತು. ಟಪಾಲಿನವ ಬರುವ ಹೊತ್ತಿಗೆ ದಿನಾ ಬಾಗಿಲಲ್ಲಿ ನಿಲ್ಲುವಳು. ಒಂದು ದಿನ ಅವಳು ನೀರಿಗೆ ಹೋದಾಗಲೇ ಲಕೋಟೆಯೊಂದು ಬಂತು. ವಿಳಾಸ ಯಾರದೋ ಗುರುತಿಲ್ಲದ ಕೈಬರಹ. ಲಕೋಟೆಯ ಒಂದು ಮೂಲೆ ಹರಿದಿತ್ತು.

ನಮ್ಮಲ್ಲಿ ಸಾವಿನ ಸುದ್ದಿಯ ಕಾಗದದ ಮೂಲೆ ಹರಿದು ಕಳಿಸುತ್ತಾರೆ. ಅದನ್ನು ಹೊಸ್ತಿಲ ಒಳಗೆ ತರಬಾರದು. ನನಗೆ ಅದೆಲ್ಲ ಎಲ್ಲಿ ಗೊತ್ತು? ಕಾಕಾ ಲಕೋಟೆಯನ್ನು ಮುದುರಿ ಮುಷ್ಟಿಯಲ್ಲಿ ಹಿಡಿದು ಮೆಟ್ಟಿಲ ಮೇಲೆ ಕುಳಿತದ್ದು ಕಂಡು ನಾನು ಆಟವೆಂದೇ ತಿಳಿದೆ.

"ಬೆಸ! ಬಿಚ್ಚು ಕಾಕಾ."

"ಬ್ಯಾಡ" ಅಂದ. "ಇನ್ನೊಂದು ಸ್ವಲ್ಪ ಹೊತ್ತು ಎರಡೂ ಇರ್ಲಿ."

ಅವ್ವ ಕೊಡ ಹೊತ್ತು ಬಂದವಳು ಅವನ ಬೆರಳ ಸಂದಿಯಲ್ಲಿ ಆ ಹರಿದ ಮೂಲೆ ನೋಡಿದಳು. ಕೊಡ ಇಳಿಸಿದಳು. ಅವನ ಪಕ್ಕ ಕುಳಿತು, ಒಂದೊಂದೇ ಬೆರಳು ಬಿಡಿಸಿ ಲಕೋಟೆ ತೆಗೆದುಕೊಂಡು ಒಡೆದಳು.

ಒಳಗಿದ್ದದ್ದು ಅಪ್ಪನ ಸೊಟ್ಟ ಅಕ್ಷರ. ಜ್ವರ ಬಂದು ಆಸ್ಪತ್ರೆಯಲ್ಲಿದ್ದೆ, ಈಗ ಆರಾಮ, ವಿಳಾಸವನ್ನು ಇಲ್ಲಿಯ ಕಂಪೌಂಡರ್ ಬರೆದಿದ್ದಾನೆ ಎಂದಿತ್ತು. ಕಾಕಾ ಲಕೋಟೆಯ ಮೂಲೆಯನ್ನು ಬೆಳಕಿಗೆ ಹಿಡಿದು ನೋಡಿದ. ಅಂಚಿನುದ್ದಕ್ಕೂ ಸಣ್ಣ ಹಲ್ಲಿನ ಗುರುತು. ಟಪಾಲು ಚೀಲದ ಇಲಿ!

ಅವನು ನಗತೊಡಗಿದ. ಕಣ್ಣಿಂದ ನೀರು ಇಳಿದು ಗಡ್ಡಕ್ಕೆ ಬಂದರೂ ನಗು ನಿಲ್ಲಲಿಲ್ಲ.

"ಇದೇನ್ರಿ, ಅಳ್ಲಿಕ್ಕತ್ತೀರೋ ನಗ್ಲಿಕ್ಕತ್ತೀರೋ?" ಅಂದಳು ಅವ್ವ. ಅವಳ ಸ್ಥಿತಿಯೂ ಅದೇ ಆಗಿತ್ತು.

"ಎರಡೂ, ವೈನಿ."

ಆ ಒಂದು ದಿನ ಅವನ ಮಾತು ನಮ್ಮಿಬ್ಬರಿಗೂ ಪೂರ್ತಿ ಅರ್ಥವಾಯಿತು. ಅವ್ವ ಎದ್ದು ಹೋಗಿ ತಾಟು ಹಾಕಿದಳು, ತಾಟಿನ ತುಂಬ ಅನ್ನ ಬಡಿಸಿದಳು.