ಬ್ರೇಕು ಹಿಡಿದರೆ ಹಾರನ್ನು

ಜಗಳವಾಡುವುದೂ ಒಂದು ವಿದ್ಯೆ, ಅದು ನನಗೆ ಒಲಿದಿಲ್ಲ. ಅಂಗಡಿಯವನು ಹುಳುಕು ಬದನೆಕಾಯಿ ಕೊಟ್ಟರೂ ಸುಮ್ಮನೆ ಚೀಲಕ್ಕೆ ಹಾಕಿಕೊಂಡು ಬಂದು ಮನೆಯಲ್ಲಿ ಬೈಸಿಕೊಳ್ಳುವವನು ನಾನು. ತಕ್ಕ ಉತ್ತರಗಳು ನನಗೂ ಹೊಳೆಯುತ್ತವೆ; ಆದರೆ ಬಚ್ಚಲಲ್ಲಿ ನೀರು ಹುಯ್ದುಕೊಳ್ಳುವಾಗ, ಎದುರಿಗೆ ಯಾರೂ ಇಲ್ಲದ ಹೊತ್ತಿನಲ್ಲಿ. ಇಂಥ ನಾನು ಒಮ್ಮೆ ಪೂರ್ತಿ ಸಿದ್ಧತೆ ಮಾಡಿಕೊಂಡೇ ಜಗಳಕ್ಕೆ ಹೋಗಿದ್ದೆ, ಹುಣಸೂರಿನ ಮೆಕ್ಯಾನಿಕ್ ಪುಟ್ಟರಾಜುವಿನ ಮೇಲೆ.

ನಾನು ಪಶು ಆಸ್ಪತ್ರೆಯ ನೌಕರ. ಡಾಕ್ಟರಲ್ಲ. ಆದರೆ ಹನಗೋಡಿನ ಸುತ್ತಿನ ಹಳ್ಳಿಗಳಲ್ಲಿ ಎಲ್ಲರೂ 'ಡಾಕ್ಟ್ರೇ' ಎನ್ನುತ್ತಾರೆ, ಅದನ್ನು ತಿದ್ದುವಷ್ಟು ಪ್ರಾಮಾಣಿಕತೆ ನನಗೆ ಇನ್ನೂ ಬಂದಿಲ್ಲ. ದನಗಳಿಗೆ ಸೂಜಿ ಹಾಕುವುದು, ಹಸು ಗಬ್ಬವೋ ಅಲ್ಲವೋ ಎಂದು ಕೈಹಾಕಿ ನೋಡಿ ಹೇಳುವುದು ನನ್ನ ಕೆಲಸ. ಊರೂರು ಸುತ್ತಲು ನನ್ನ ಹಳೆಯ ಸ್ಕೂಟರೇ ಗತಿ. ಅದನ್ನು ಪುಟ್ಟರಾಜುವಿನ ಗ್ಯಾರೇಜಿಗೆ ಸರ್ವೀಸಿಗೆ ಬಿಟ್ಟೆ. ತೊಳೆದು ಒರೆಸಿ, ಮದುವೆ ಗಂಡಿನಂತೆ ಮಾಡಿ ಕೊಟ್ಟ.

ಮೊದಲ ಹಂಪಿನಲ್ಲೇ ವಿಷಯ ತಿಳಿಯಿತು. ಬ್ರೇಕು ಹಿಡಿದರೆ ಹಾರನ್ನು ಕಿರುಚುತ್ತಿತ್ತು. ಹಾರನ್ನಿನ ಗುಂಡಿ ಒತ್ತಿದರೆ ಹಿಂದಿನ ಕೆಂಪು ದೀಪ ಹತ್ತುತ್ತಿತ್ತು. ಮುಂದೆ ಹೋಗುತ್ತಿದ್ದ ಬಸ್ಸಿನ ಡ್ರೈವರು, ದಾರಿ ಬಿಡು ಎಂದು ನಾನು ಪೀಡಿಸುತ್ತಿದ್ದೇನೆಂದುಕೊಂಡು, ಕಿಟಕಿಯಿಂದ ತಲೆ ಹೊರಹಾಕಿ ನನ್ನ ವಂಶವನ್ನೆಲ್ಲ ವಿಚಾರಿಸಿಕೊಂಡ.

ಅದನ್ನಾದರೂ ಸಹಿಸಬಹುದಿತ್ತು. ದನ ತೋರಿಸಲು ಕರೆದಿದ್ದ ಜಯಮ್ಮನ ಕೊಟ್ಟಿಗೆಯ ಮುಂದೆ ನಿಲ್ಲಿಸಿದಾಗ ಆ ಸದ್ದಿಗೆ ಅವರ ಕಡಸು ಹಗ್ಗ ಕಿತ್ತುಕೊಂಡು ಪಕ್ಕದವರ ರಾಗಿ ಹೊಲಕ್ಕೆ ನುಗ್ಗಿತು. ಮೂವರು ಗಂಡಸರು ಬೆನ್ನಟ್ಟಿದರು. ಜಯಮ್ಮ ಸೊಂಟದ ಮೇಲೆ ಕೈಯಿಟ್ಟುಕೊಂಡು, "ಡಾಕ್ಟ್ರೇ, ದನ ನೋಡಕ್ ಬಂದ್ರಾ, ಓಡ್ಸಕ್ ಬಂದ್ರಾ?" ಎಂದು ಕೇಳಿದರು. ಆ ಮಾತು ನನಗಿಂತ ಮೊದಲೇ ಮುಂದಿನ ಹಳ್ಳಿ ತಲುಪಿತು. ಜನ ನನ್ನನ್ನು ಕರೆಯುವುದನ್ನೇ ಕಡಿಮೆ ಮಾಡಿದರು. ಕರೆದವರೂ ಸ್ಕೂಟರನ್ನು ಊರಾಚೆಯೇ ನಿಲ್ಲಿಸಿ ಬನ್ನಿ ಎಂದರು. ಒಂದು ದಿನ, ಆಗತಾನೇ ಹುಟ್ಟಿದ ಕರು ಬೆದರೀತೆಂದು ಬ್ರೇಕು ಹಿಡಿಯದೆ ಕಾಲನ್ನು ನೆಲಕ್ಕೆ ಉಜ್ಜಿಕೊಂಡೇ ನಿಲ್ಲಿಸಲು ಹೋಗಿ ಹುಲ್ಲಿನ ಮೆದೆಯೊಳಗೆ ಸ್ಕೂಟರಿನ ಸಮೇತ ಸೇರಿಬಿಟ್ಟೆ.

ಪುಟ್ಟರಾಜುವಿನ ಹತ್ತಿರ ಎರಡು ಸಲ ಹೋಗಿದ್ದೆ. ಮೊದಲ ಸಲ, ಓಡಿಸುತ್ತಾ ಓಡಿಸುತ್ತಾ ತಾನೇ ಸರಿಹೋಗುತ್ತದೆ ಎಂದ. ಎರಡನೇ ಸಲ, ಇಲಿ ಕಡಿದಿರಬೇಕು, ನಿಮ್ಮ ಮನೆಯಲ್ಲಿ ಇಲಿ ಜಾಸ್ತಿಯೇ ಎಂದು ಕೇಳಿದ. ನಾನು ಇಲಿಗಳ ಬಗ್ಗೆ ವಿವರವಾಗಿ ಉತ್ತರ ಕೊಟ್ಟು ಬಂದೆ.

ಮೆದೆಯಿಂದ ಎದ್ದ ದಿನ ಮಾತ್ರ ತಡೆಯಲಾಗಲಿಲ್ಲ. ತಲೆಯಲ್ಲಿ ಹುಲ್ಲುಕಡ್ಡಿ ಇದ್ದಂತೆಯೇ ಗ್ಯಾರೇಜಿಗೆ ನುಗ್ಗಿದೆ. ದಾರಿಯುದ್ದಕ್ಕೂ ಬಾಯಿಪಾಠ ಮಾಡಿಕೊಂಡು ಹೋಗಿದ್ದನ್ನು ಒಂದೂ ಬಿಡದೆ ಹೇಳಿದೆ. ಪಕ್ಕದ ಟೀ ಅಂಗಡಿಯವರು ಲೋಟ ಹಿಡಿದು ಹೊರಗೆ ಬಂದರು. ಆ ಉತ್ಸಾಹದಲ್ಲಿ, "ಕೆಲಸ ಬರದವರು ಇನ್ನೊಬ್ಬರ ನಂಬಿಕೆ ಹಾಳುಮಾಡಬಾರದು" ಎಂದೂ ಸೇರಿಸಿದೆ.

ಪುಟ್ಟರಾಜು ಬಟ್ಟೆಚೂರಿನಲ್ಲಿ ಕೈಯೊರೆಸಿಕೊಂಡ. ದನಿ ಏರಿಸಲಿಲ್ಲ.

"ಬೈರಿ ಡಾಕ್ಟ್ರೇ, ತಪ್ಪು ನಂದೇ. ವೈರು ಅದಲು ಬದಲು ಮಾಡ್ಬುಟ್ಟಿದೀನಿ. ಒಪ್ಕಳಕ್ಕೆ ನಾಚ್ಕೆ ಆಗಿ ಇಲಿ ಮ್ಯಾಲಾಕ್ದೆ. ಆದ್ರೆ ನಮ್ಮ ಗೌರಿ ನಿಮ್ಗೆ ಗ್ಯಾಪ್ಕ ಅದಾ?"

ಯಾವ ಗೌರಿ ಎಂದೆ.

"ನಮ್ಮನೆ ಹಸ. ಓದ್ ವರ್ಸ ನೀವೇ ಕೈ ಆಕ್ ನೋಡಿ ಗಬ್ಬ ಆಗದೆ ಅಂದ್ರಿ."

ಆಮೇಲೆ ಅವನು ಹೇಳಿದ್ದು ಇಷ್ಟು. ನನ್ನ ಮಾತು ನಂಬಿ ಅವನ ತಾಯಿ ತಿಂಗಳುಗಟ್ಟಲೆ ಗೌರಿಗೆ ಬೂಸಾ ಬೇಯಿಸಿ ತಿನ್ನಿಸಿದ್ದರು. ಬೀದಿಯವರಿಗೆಲ್ಲ ಗಿಣ್ಣು ಕೊಡುತ್ತೇನೆಂದು ಮಾತು ಕೊಟ್ಟಿದ್ದರು. ದಿನ ತುಂಬಿ, ದಿನ ಕಳೆದು, ಗೌರಿ ದಪ್ಪವಾದಳೇ ಹೊರತು ಕರು ಬರಲಿಲ್ಲ. ಇನ್ನೊಬ್ಬರು ಬಂದು ನೋಡಿ, ಹೊಟ್ಟೆಯಲ್ಲಿ ಬೂಸಾ ಬಿಟ್ಟರೆ ಏನೂ ಇಲ್ಲ ಎಂದರಂತೆ.

"ನಾನು ಕೇಳೇ ಬುಡ್ತೀನಿ ಅಂತ ಒಂಟಿದ್ದೆ. ಅವ್ವ ಬುಡ್ನಿಲ್ಲ. ಪಾಪ, ಕೈಗೆ ಗೊತ್ತಾಗಿಲ್ಲ ಕಣ್ಲಾ, ಆ ಮನ್ಸನ್ನ ನಾಕು ಜನ್ರ ಮುಂದೆ ಯಾಕ್ ನಿಲ್ಲುಸ್ತೀಯಾ ಅಂದ್ಲು."

ಗ್ಯಾರೇಜಿನ ಮುಂದೆ ನಾಲ್ಕೇ ಜನರಿರಲಿಲ್ಲ, ಎಣಿಸಿದ್ದರೆ ಹತ್ತಾದರೂ ಆಗುತ್ತಿದ್ದರು, ಎಲ್ಲರೂ ನನ್ನನ್ನೇ ನೋಡುತ್ತಿದ್ದರು. ಗೌರಿಯ ಮುಖ ನೆನಪಿಸಿಕೊಳ್ಳಲು ಪ್ರಯತ್ನಿಸಿದೆ. ಎಷ್ಟು ಮಾಡಿದರೂ ನೆನಪಾಗಲಿಲ್ಲ. ಅದೇ ಹೆಚ್ಚು ನೋಯಿಸಿತು. ಪುಟ್ಟರಾಜು ಮಾತು ಬೆಳೆಸದೆ ಸ್ಕೂಟರಿನ ಮೂತಿ ಬಿಚ್ಚಿ ಕೂತ. ನಾನು ಟಾರ್ಚು ಹಿಡಿದು ನಿಂತೆ. ವೈರು ತಿರುವು ಮುರುವು ಮಾಡಿ ಅವನು ಬ್ರೇಕು ಹಿಡಿದಾಗ ಸದ್ದೇ ಬರಲಿಲ್ಲ. ನಾನೂ ಸದ್ದಿಲ್ಲದೆ ಹೊರಟೆ.

ಭಾನುವಾರ ಕರೆಯದಿದ್ದರೂ ಅವನ ಮನೆಗೆ ಹೋದೆ. ಅವನ ತಾಯಿ ಹಳೆಯದೊಂದನ್ನೂ ಎತ್ತದೆ ಬಿಸಿನೀರು, ಸೋಪು ತಂದಿಟ್ಟರು. ಗೌರಿಗೆ ಮತ್ತೆ ಗಬ್ಬದ ಸೂಜಿ ಹಾಕಿಸಿ ಮೂರು ತಿಂಗಳಾಗಿತ್ತು. ಎಂದಿಗಿಂತ ಎರಡರಷ್ಟು ಹೊತ್ತು ನೋಡಿದೆ. ಅನುಮಾನವೇ ಇರಲಿಲ್ಲ. ಗಬ್ಬವಾಗಿದೆ ಅವ್ವ, ಹಿಂದಿನ ಸಲ ತಪ್ಪಿದ್ದು ನಾನೇ ಎಂದೆ.

"ಆಗೋದು ಆಯ್ತು ಬುಡಪ್ಪ, ಕಾಪಿ ಕುಡಿ" ಎಂದು ಲೋಟ ಕೈಗಿಟ್ಟರು. ಆಮೇಲೆ ಬಹಳ ಸಂಕೋಚದಿಂದ, "ಇನ್ನೊಬ್ರ ಕೈಲೂ ಒಂದ್ಸಲ ನೋಡುಸ್ಬುಡ್ತೀನಿ. ಬ್ಯಾಸ್ರ ಮಾಡ್ಕಬ್ಯಾಡ" ಎಂದರು.

ಛೇ, ಅದರಲ್ಲಿ ಬೇಸರವೇನು, ಧಾರಾಳವಾಗಿ ತೋರಿಸಿ ಎಂದೆ. ಮನೆ ಮುಟ್ಟುವವರೆಗೂ ಬೇಸರ ಮಾಡಿಕೊಂಡೇ ಸ್ಕೂಟರು ಓಡಿಸಿದೆ.