ಹೂವಿನ ಅಂಚಿನೊಂದಿಗೆ ಬಂದ ಗೂಢಚಾರ ತಂತ್ರಾಂಶ ಹಾಗೂ ಲಿಫ್ಟಿನ ಹನ್ನೊಂದು ದೂರುಗಳ ಕುರಿತು

ಸಂಖ್ಯೆ: ಇಣುಕು/ಗುಟ್ಟು/11
ದಿನಾಂಕ: ಗೋಪ್ಯ

ಸುತ್ತೋಲೆ

ವಿಷಯ: ಕಚೇರಿಯ ಗಣಕಯಂತ್ರಗಳೊಳಗೆ ಅಪರಿಚಿತರು ವಾಸವಿರುವ ಬಗ್ಗೆ.

ಉಲ್ಲೇಖ: 1. ಹೆಡ್ ಗುಮಾಸ್ತರ ತಪ್ಪೊಪ್ಪಿಗೆ (ಮೌಖಿಕ). 2. ಸದರಿ ತಪ್ಪೊಪ್ಪಿಗೆಯ ನಿರಾಕರಣೆ (ಲಿಖಿತ).

ಬೀಳ್ಕೊಡುಗೆ ಪತ್ರವೊಂದಕ್ಕೆಂದು ಹೆಡ್ ಗುಮಾಸ್ತರು ಅಂತರ್ಜಾಲದಿಂದ ಉಚಿತ ಹೂವಿನ ಅಂಚನ್ನು ಇಳಿಸಿಕೊಂಡು, ‘ಪುಕ್ಕಟೆ ಸಿಕ್ಕರೆ ನನಗೂ ಇರಲಿ, ನಮ್ಮಪ್ಪನಿಗೂ ಇರಲಿ’ ಎಂಬ ತತ್ತ್ವದ ಮೇರೆಗೆ ಹದಿನಾಲ್ಕೂ ಯಂತ್ರಗಳಿಗೆ ಅಳವಡಿಸಿರುತ್ತಾರೆ. ಹೂವಿನ ಜೊತೆ ನಾರೂ ಬಂದಂತೆ ಗೂಢಚಾರ ತಂತ್ರಾಂಶವೂ ಒಳಬಂದು, ಸಿಬ್ಬಂದಿ ಒತ್ತಿದ ಪ್ರತಿ ಅಕ್ಷರವನ್ನೂ ಎಲ್ಲಿಗೋ ರವಾನಿಸುತ್ತಿರುವುದು ಕಂಡುಬಂದಿದೆ. ಆದುದರಿಂದ ಎಲ್ಲರ ಗಮನಕ್ಕೆ ತರಲಾಗಿರುವುದೇನೆಂದರೆ:

1. ಸದರಿ ತಂತ್ರಾಂಶವು ನಮ್ಮ ಕಡತಗಳನ್ನು ಕೊನೆಯವರೆಗೆ ಓದಿದ ಮೊಟ್ಟಮೊದಲ ಓದುಗನಾಗಿದ್ದು, ಆ ಮಟ್ಟಿಗೆ ಮೆಚ್ಚುಗೆ ದಾಖಲಿಸಲಾಗಿದೆ.

2. ಗುಪ್ತಪದವನ್ನು ಯಾರಿಗೂ ಹೇಳತಕ್ಕದ್ದಲ್ಲ. ಎಲ್ಲರ ಗುಪ್ತಪದವೂ ಒಂದೇ ಆಗಿರುವುದರಿಂದ ಹೇಳುವ ಅಗತ್ಯವೂ ಇರುವುದಿಲ್ಲ.

3. ಯಂತ್ರದ ಕ್ಯಾಮೆರಾಗೆ ಅಂಟುಕಾಗದ ಹಚ್ಚತಕ್ಕದ್ದು. ಅಂಟುಕಾಗದ ಸರಬರಾಜಾಗುವವರೆಗೆ ಸಿಬ್ಬಂದಿಯು ಕಣ್ಣು ತೆರೆದೇ ನಿದ್ರಿಸತಕ್ಕದ್ದು.

4. ಏನೇನು ಸೋರಿದೆಯೆಂದು ತಿಳಿಯಲು ಒಂಬತ್ತು ಜನರ ಗೋಪ್ಯತಾ ರಕ್ಷಣಾ ಸಮಿತಿಯನ್ನು ರಚಿಸಲಾಗಿದ್ದು, ಅದು ಎಲ್ಲರ ಖಾಸಗಿ ಪತ್ರಗಳನ್ನು ಗಟ್ಟಿಯಾಗಿ ಓದಿರುತ್ತದೆ. ಒಬ್ಬ ಸದಸ್ಯರಿಗೆ ಕಿವಿ ಮಂದವಾದ್ದರಿಂದ ಎರಡೆರಡು ಸಲ. ‘ಕೂದಲಿಗೆ ಬಣ್ಣ ಹಚ್ಚಿದ್ದು ಗೊತ್ತಾಗದಂತೆ ಮಾಡುವುದು ಹೇಗೆ’ ಎಂದು ಹುಡುಕಿದವರ ಹೆಸರನ್ನು ಮಾತ್ರ ಕೆಳಗೆ ಸಹಿ ಮಾಡಿದವರ ಕೋರಿಕೆಯ ಮೇರೆಗೆ ಗೋಪ್ಯವಾಗಿಡಲಾಗಿದೆ.

5. ಐದನೇ ಮಹಡಿಯ ಬೆರಳಚ್ಚುಗಾರ್ತಿಯು ತನ್ನ ಅಕ್ಕನಿಗೆ ಬರೆದ ಪತ್ರ, ಸಮಿತಿ ಓದಿದಂತೆ: “ಲಿಫ್ಟು ಚೆನ್ನಾಗೇ ಇರುತ್ತೆ ಕಣಕ್ಕಾ. ಕೆಟ್ಟಿದೆ ಅಂತ ನಾನೇ ದೂರು ಬರೀತೀನಿ. ರಿಪೇರಿಗೆ ಅವರೇ ತಾನೇ ಬರೋದು! ನಲವತ್ತೊಂದು ವರ್ಷಕ್ಕೆ ಇದೆಂಥ ಹುಚ್ಚೋ. ಅವರಿಗಿನ್ನೂ ಹೇಳಿಲ್ಲ. ಬೇಡ ಅಂದುಬಿಟ್ರೆ?” ಈ ಹನ್ನೊಂದು ಸುಳ್ಳು ದೂರುಗಳ ದೆಸೆಯಿಂದ ಲಿಫ್ಟು ನಿಲ್ಲಿಸಲಾಗಿ, ಕೆಳಗೆ ಸಹಿ ಮಾಡಿದವರು ಹನ್ನೊಂದು ದಿನ ಏದುಸಿರು ಬಿಡುತ್ತ ಐದು ಮಹಡಿ ಹತ್ತಿರುವುದನ್ನು ಗಂಭೀರವಾಗಿ ಪರಿಗಣಿಸಲಾಗಿದೆ.

6. ಸದರಿ ಗುಟ್ಟು ಲಿಫ್ಟ್ ಮೆಕ್ಯಾನಿಕ್ ಒಬ್ಬರನ್ನು ಬಿಟ್ಟು ಕಟ್ಟಡದ ಎಲ್ಲರಿಗೂ ತಿಳಿದಿರುತ್ತದೆ. ಇಲಾಖೆಯ ಪತ್ರ ತಲುಪುವವರೆಗೆ ಅವರನ್ನು ಕಂಡು ಕೆಮ್ಮುವುದು, ಹಾಡು ಗುನುಗುವುದು, ‘ಮೇಲೆ ಹವಾ ಹೇಗಿದೆ’ ಎಂದು ಕೇಳುವುದು ನಿಷಿದ್ಧ. ನಗು ಬಂದಲ್ಲಿ ಮುಂಗಡ ಅನುಮತಿ ಪಡೆದು ನಗತಕ್ಕದ್ದು.

7. ಬೆರಳಚ್ಚುಗಾರ್ತಿಯ ಮನದಿಂಗಿತವನ್ನು ಇಲಾಖೆಯೇ ಮೆಕ್ಯಾನಿಕ್‌ಗೆ ಲಿಖಿತವಾಗಿ ತಿಳಿಸತಕ್ಕದ್ದು. ಅವರು ತಮ್ಮ ಒಪ್ಪಿಗೆ ಅಥವಾ ನಿರಾಕರಣೆಯನ್ನು ಏಳು ದಿನಗಳೊಳಗೆ ಮೂರು ಪ್ರತಿಗಳಲ್ಲಿ

(ಈ ಸುತ್ತೋಲೆಯನ್ನು ಟೈಪ್ ಮಾಡುತ್ತಿದ್ದ ಸದರಿ ಬೆರಳಚ್ಚುಗಾರ್ತಿಯೇ ಇಲ್ಲಿಗೆ ನಿಲ್ಲಿಸಿ, “ಸಾಕು ಸಾರ್, ಇದೊಂದನ್ನಾದ್ರೂ ನಾನೇ ಬಾಯಿಬಿಟ್ಟು ಹೇಳ್ತೀನಿ” ಎಂದು ಎದ್ದುಹೋಗಿರುತ್ತಾರೆ. ಉಳಿದದ್ದನ್ನು ಕೆಳಗೆ ಸಹಿ ಮಾಡಿದವರು ಒಂದೇ ಬೆರಳಿನಲ್ಲಿ ಟೈಪ್ ಮಾಡಿರುತ್ತಾರೆ.)

ಸಹಿ/-
ಕಚೇರಿ ಅಧೀಕ್ಷಕರು

ಪ್ರತಿಗಳು:

1. ಹೆಡ್ ಗುಮಾಸ್ತರಿಗೆ: ಹೂವಿನ ಅಂಚಿಲ್ಲದೆ.

2. ಯಂತ್ರದೊಳಗಿನ ಅಪರಿಚಿತರಿಗೆ: ಕಳುಹಿಸುವ ಮೊದಲೇ ತಲುಪಿರುತ್ತದೆ.

3. ಲಿಫ್ಟ್ ಮೆಕ್ಯಾನಿಕ್‌ಗೆ: ಕಳುಹಿಸಿರುವುದಿಲ್ಲ. ಲಿಫ್ಟು ಇಂದು ನಿಜವಾಗಿಯೂ ಕೆಟ್ಟು ಅವರು ಮೂರನೇ ಮಹಡಿಯಲ್ಲಿ ದುರಸ್ತಿಯಲ್ಲಿ ತೊಡಗಿದ್ದು, ಬೆರಳಚ್ಚುಗಾರ್ತಿಯು ಮೆಟ್ಟಿಲಿಳಿದು ಅಲ್ಲಿಗೆ ಹೋಗಿರುತ್ತಾರೆ.

4. ಕಚೇರಿ ಕಡತಕ್ಕೆ: ಮೂರನೇ ಮಹಡಿಯಿಂದ ಇಬ್ಬರು ನಗುತ್ತಿರುವುದು ಕೇಳಿಬಂದಿದೆ. ಮುಂಗಡ ಅನುಮತಿ ಪಡೆದಿರುವುದಿಲ್ಲ.